ಬಸಂತಿ, ಕೆಂಪು, ಕಪ್ಪು: ಮೂರು ಹಾಡುಗಳ ಬಣ್ಣದ ಕಥೆ

ಸಂಗೀತದಲ್ಲಿ ನಾವು ದಿನನಿತ್ಯ ಬಳಸುವ 'ರಾಗ' ಎಂಬ ಪದಕ್ಕೆ ಸಂಸ್ಕೃತದಲ್ಲಿ ಬಣ್ಣ ಎಂಬ ಅರ್ಥವೂ ಇದೆ. ಬಟ್ಟೆಗೆ ಹಿಡಿಸುವ ಬಣ್ಣ, ಅದರಲ್ಲೂ ಕೆಂಪು. 'ರಂಜ್' ಎಂಬ ಧಾತುವಿನಿಂದ ರಾಗ, ರಂಗು, ರಂಜನೆ, ಅನುರಾಗ ಎಲ್ಲವೂ ಹುಟ್ಟಿವೆ. 'ಬೃಹದ್ದೇಶಿ'ಯನ್ನು ಬರೆದ ಮತಂಗ ಕೂಡ ರಾಗವನ್ನು ವಿವರಿಸುವಾಗ, ಅದು ಕೇಳುವವರ ಮನಸ್ಸಿಗೆ ರಂಗು ಹಿಡಿಸುವಂಥದ್ದು ಎಂಬ ಅರ್ಥವನ್ನೇ ಹಿಡಿಯುತ್ತಾನೆ. ಆದ್ದರಿಂದ ಹಾಡಿಗೂ ಬಣ್ಣಕ್ಕೂ ಇರುವ ನಂಟು ಚಲನಚಿತ್ರ ಗೀತರಚನಕಾರರು ಕಂಡುಹಿಡಿದದ್ದೇನೂ ಅಲ್ಲ.

ಬಹುಪಾಲು ಹಾಡುಗಳಲ್ಲಿ ಬಣ್ಣ ಬರುವುದು ಅಲಂಕಾರಕ್ಕಾಗಿ. ನಾಯಕಿಯ ಸೀರೆ, ಸಂಜೆಯ ಆಕಾಶ, ಕೆನ್ನೆಯ ಕೆಂಪು. ಆದರೆ ಬಣ್ಣವೇ ಹಾಡಿನ ವಸ್ತುವಾಗಿರುವ, ಬಣ್ಣವನ್ನು ತೆಗೆದರೆ ಹಾಡೇ ಉಳಿಯದ ಕೆಲವು ಗೀತೆಗಳಿವೆ. ಅಂಥ ಮೂರನ್ನು ಇಲ್ಲಿ ನೋಡಬಹುದು. ಒಂದು ಲಖನೌ ಜೈಲಿನದು, ಒಂದು ಲಂಡನ್ನಿನ ರೈಲಿನದು, ಇನ್ನೊಂದು ನ್ಯೂಯಾರ್ಕಿನ ರಂಗಮಂದಿರದ್ದು. ಮೂರೂ 1889ರಿಂದ 1929ರವರೆಗಿನ ನಲವತ್ತು ವರ್ಷಗಳಲ್ಲಿ ರೂಪ ತಳೆದವು. ಹಾಡಿದವರು ಮತ್ತು ಹಾಡಿದ ಸ್ಥಳ ಬದಲಾದಂತೆಲ್ಲ ಈ ಹಾಡುಗಳಲ್ಲಿನ ಬಣ್ಣದ ಅರ್ಥವೂ ಬದಲಾಗುತ್ತ ಹೋಯಿತು. ಕೆಲವೊಮ್ಮೆ ಬರೆದವನಿಗೇ ಗುರುತು ಸಿಗದಷ್ಟು.

ಸಾಸಿವೆ ಹೂವಿನ ಹಳದಿ

ಆಗಸ್ಟ್ 15 ಬಂತೆಂದರೆ 'ಮೇರಾ ರಂಗ್ ದೇ ಬಸಂತಿ ಚೋಲಾ' ಎಲ್ಲೋ ಒಂದು ಕಡೆ ಕಿವಿಗೆ ಬಿದ್ದೇ ಬೀಳುತ್ತದೆ. ಹಿಂದಿ ಬಾರದವರೂ ಗುನುಗುವ ಹಾಡು. ನಮ್ಮಲ್ಲಿ ಅನೇಕರು 'ಬಸಂತಿ' ಎಂದರೆ ಕೇಸರಿ ಎಂದು ತಿಳಿದಿದ್ದಾರೆ. ವಾಸ್ತವವಾಗಿ ಅದು ಸಾಸಿವೆ ಹೂವಿನ ಹಳದಿ. ಉತ್ತರ ಭಾರತದಲ್ಲಿ ವಸಂತ ಪಂಚಮಿಯ ಹೊತ್ತಿಗೆ ಸಾಸಿವೆ ಹೊಲಗಳು ಕಣ್ಣು ಹಾಯುವಷ್ಟು ದೂರ ಹಳದಿಯಾಗಿರುತ್ತವೆ. ಆ ದಿನ ಹಳದಿ ಬಟ್ಟೆ ಉಡುವುದು, ಹಳದಿ ಅನ್ನ ಮಾಡುವುದು ರೂಢಿ.

ಈ ಹಳದಿಗೆ ದೆಹಲಿಯಲ್ಲಿ ಇನ್ನೊಂದು ಹಳೆಯ ಕಥೆಯಿದೆ. ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ತಮ್ಮ ಪ್ರೀತಿಯ ಸೋದರಿಯ ಮಗ ತೀರಿಕೊಂಡ ಮೇಲೆ ನಗುವುದನ್ನೇ ಬಿಟ್ಟಿದ್ದರಂತೆ. ಒಂದು ದಿನ ಶಿಷ್ಯ ಅಮೀರ್ ಖುಸ್ರೋ, ಸಾಸಿವೆ ಹೂ ಹಿಡಿದು ಹಳದಿ ಉಟ್ಟು ಹಾಡುತ್ತ ದೇವಸ್ಥಾನಕ್ಕೆ ಹೊರಟ ಹೆಂಗಸರನ್ನು ಕಂಡನು. ತಾನೂ ಹಾಗೆಯೇ ಹಳದಿ ಉಟ್ಟು, ಹೂ ಹಿಡಿದು, ಹಾಡುತ್ತ ಗುರುವಿನ ಮುಂದೆ ಹೋಗಿ ನಿಂತನು. ಗುರು ನಕ್ಕರು. ಖುಸ್ರೋ ತೀರಿಕೊಂಡದ್ದು 1325ರಲ್ಲಿ. ಆದರೆ ನಿಜಾಮುದ್ದೀನ್ ದರ್ಗಾದಲ್ಲಿ ಈ ಘಟನೆಯ ನೆನಪಿಗೆ ಈಗಲೂ ವಸಂತ ಪಂಚಮಿಯಂದು ಹಳದಿ ಹೂ, ಹಳದಿ ವಸ್ತ್ರದೊಡನೆ ಕವ್ವಾಲಿ ನಡೆಯುತ್ತದೆ. ದುಃಖದಲ್ಲಿದ್ದವರನ್ನು ನಗಿಸಲು ಉಟ್ಟ ಬಣ್ಣ ಅದು.

ಅದೇ ಬಣ್ಣ ಗಲ್ಲುಗಂಬದವರೆಗೆ ಹೋದದ್ದು ಆರು ಶತಮಾನಗಳ ನಂತರ. 1925ರ ಆಗಸ್ಟ್ 9ರಂದು ಲಖನೌ ಬಳಿಯ ಕಾಕೋರಿಯಲ್ಲಿ ಕ್ರಾಂತಿಕಾರಿಗಳು ರೈಲು ನಿಲ್ಲಿಸಿ ಸರ್ಕಾರಿ ಖಜಾನೆಯ ಹಣವನ್ನು ಒಯ್ದರು. ಸಿಕ್ಕಿದ್ದು ಸುಮಾರು 4,600 ರೂಪಾಯಿ. ಅದಕ್ಕೆ ಬ್ರಿಟಿಷ್ ಸರ್ಕಾರ ತೆಗೆದುಕೊಂಡದ್ದು ನಾಲ್ಕು ಜೀವ. ಲಖನೌದಲ್ಲಿ ವಿಚಾರಣೆ ನಡೆಯುತ್ತಿದ್ದಾಗ, 1927ರ ವಸಂತ ಪಂಚಮಿ ಸಮೀಪಿಸಿದಂತೆ, ಜೈಲಿನ ಸಂಗಾತಿಗಳು ರಾಮಪ್ರಸಾದ್ ಬಿಸ್ಮಿಲ್ ಅವರಲ್ಲಿ ವಸಂತದ ಹಾಡೊಂದನ್ನು ಕೇಳಿದರೆಂದೂ, ಆಗ ಈ ಗೀತೆ ಹುಟ್ಟಿತೆಂದೂ ಪ್ರತೀತಿ. ಬಿಸ್ಮಿಲ್ ಎಂಬುದು ಅವರ ಕಾವ್ಯನಾಮ. ಗಾಯಗೊಂಡವನು ಎಂದು ಅದರ ಅರ್ಥ.

'ಚೋಲಾ' ಎಂದರೆ ಉದ್ದನೆಯ ಅಂಗಿ. ಆದರೆ ಉತ್ತರದ ಸಂತಕವಿಗಳ ಭಾಷೆಯಲ್ಲಿ ಅದಕ್ಕೆ ದೇಹ ಎಂಬ ಅರ್ಥವೂ ಉಂಟು. ಜೀವ ತೊಟ್ಟು ಬಿಚ್ಚಿಹಾಕುವ ಅಂಗಿ. ಜೊತೆಗೆ, ಹಿಂದಿರುಗುವ ಆಸೆಯಿಲ್ಲದ ಕೊನೆಯ ಕಾಳಗಕ್ಕೆ ರಜಪೂತರು ಬಣ್ಣದ ಬಟ್ಟೆ ತೊಟ್ಟು ಹೊರಡುತ್ತಿದ್ದ ನೆನಪೂ ಆ ಕಡೆಯ ಜನರಲ್ಲಿತ್ತು. ಹಬ್ಬಕ್ಕೆ ಬಟ್ಟೆಗೆ ಬಣ್ಣ ಹಾಕಿಕೊಡಮ್ಮಾ ಎಂದು ಮಗ ತಾಯಿಯನ್ನು ಕೇಳುವ ಸಾಮಾನ್ಯ ಮಾತು ಹೀಗೆ ಜೈಲಿನ ಗೋಡೆಯೊಳಗೆ ಬೇರೆಯೇ ಆಗಿಬಿಟ್ಟಿತು. 1927ರ ಡಿಸೆಂಬರ್ 17ರಂದು ಗೋಂಡಾದಲ್ಲಿ ರಾಜೇಂದ್ರ ಲಾಹಿರಿ, ಎರಡು ದಿನಗಳ ನಂತರ ಗೋರಖಪುರದಲ್ಲಿ ಬಿಸ್ಮಿಲ್, ಫೈಜಾಬಾದಿನಲ್ಲಿ ಅವರ ಆಪ್ತಮಿತ್ರ ಅಶ್ಫಾಕುಲ್ಲಾ ಖಾನ್, ಅಲಹಾಬಾದಿನಲ್ಲಿ ರೋಶನ್ ಸಿಂಗ್ ಗಲ್ಲಿಗೇರಿದರು. ಬಿಸ್ಮಿಲ್ ನಿಷ್ಠಾವಂತ ಆರ್ಯಸಮಾಜಿ, ಅಶ್ಫಾಕ್ ನಮಾಜು ತಪ್ಪಿಸದ ಮುಸಲ್ಮಾನ. ಬಸಂತಿ ಬಣ್ಣ ಇಬ್ಬರ ಪರಂಪರೆಗೂ ಸೇರಿದ್ದಾಗಿತ್ತು.

ಹಾಡು ಮುಂದೆ ಲಾಹೋರಿನ ಸೆರೆಮನೆಗೂ ಹೋಯಿತು. ಅದನ್ನು ಭಗತ್ ಸಿಂಗರ ಹಾಡಾಗಿ ದೇಶದ ಮನೆಮನೆಗೆ ಮುಟ್ಟಿಸಿದ್ದು ಮಾತ್ರ 1965ರಲ್ಲಿ ಬಂದ ಮನೋಜ್ ಕುಮಾರ್ ಅಭಿನಯದ 'ಶಹೀದ್' ಚಿತ್ರ. ಪ್ರೇಮ್ ಧವನ್ ಸಂಗೀತದಲ್ಲಿ, ಗಲ್ಲಿನ ಕಡೆಗೆ ನಡೆಯುವ ಮೂವರ ಬಾಯಲ್ಲಿ ಅದು ಬರುತ್ತದೆ. ತಮಾಷೆಯೆಂದರೆ 'ಶಹೀದ್' ಕಪ್ಪು ಬಿಳುಪಿನ ಚಿತ್ರ. ಬಸಂತಿಯನ್ನು ಹಾಡಿದ್ದಷ್ಟೇ, ತೆರೆಯ ಮೇಲೆ ಯಾರೂ ನೋಡಲಿಲ್ಲ.

ನೋಡುವ ಕೆಲಸವನ್ನು ಜನ ತಾವೇ ಮಾಡಿಕೊಂಡರು. ಭಗತ್ ಸಿಂಗರ ಅಸಲಿ ಛಾಯಾಚಿತ್ರಗಳೆಂದು ಇತಿಹಾಸಕಾರರು ಒಪ್ಪುವುದು ನಾಲ್ಕನ್ನು ಮಾತ್ರ. ಎಲ್ಲವೂ ಕಪ್ಪು ಬಿಳುಪು. ಹೆಚ್ಚು ಪ್ರಸಿದ್ಧವಾದದ್ದರಲ್ಲಿ ಅವರ ತಲೆಯ ಮೇಲಿರುವುದು ಇಂಗ್ಲಿಷ್ ಹ್ಯಾಟು. ಆದರೂ ಇಂದು ಕ್ಯಾಲೆಂಡರಿನಲ್ಲಿ, ಲಾರಿಗಳ ಹಿಂಬದಿಯಲ್ಲಿ, ಕಚೇರಿಗಳ ಗೋಡೆಯ ಮೇಲೆ ಅವರಿಗೆ ಹಳದಿ ಪೇಟವಿದೆ. 2022ರ ಮಾರ್ಚ್‌ನಲ್ಲಿ ಪಂಜಾಬಿನ ಮುಖ್ಯಮಂತ್ರಿ ಭಗವಂತ್ ಮಾನ್ ಅವರು ಭಗತ್ ಸಿಂಗರ ಪೂರ್ವಜರ ಊರಾದ ಖಟ್ಕರ್ ಕಲಾನ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ, ಬಂದವರೆಲ್ಲ ಬಸಂತಿ ಪೇಟ, ಬಸಂತಿ ದುಪಟ್ಟಾ ಧರಿಸುವಂತೆ ಕರೆ ಕೊಟ್ಟಿದ್ದರು. ಭಗತ್ ಸಿಂಗರ ಪೇಟ ಆ ಬಣ್ಣದ್ದೆಂಬುದಕ್ಕೆ ಆಧಾರವಿಲ್ಲವೆಂದು ಆಗ ವಿದ್ವಾಂಸರು ಆಕ್ಷೇಪಿಸಿದರು. ಅವರ ಮಾತು ಸರಿ. ಆದರೆ ಕಪ್ಪು ಬಿಳುಪಿನ ಫೋಟೋಕ್ಕೆ ಒಂದು ಹಾಡು ಬಣ್ಣ ಹಚ್ಚಿಬಿಟ್ಟ ಮೇಲೆ ಅದನ್ನು ತೊಳೆಯುವುದು ವಿದ್ವಾಂಸರ ಕೈಲಾಗುವ ಕೆಲಸವಲ್ಲ.

ರೈಲಿನಲ್ಲಿ ಹುಟ್ಟಿದ ಕೆಂಬಾವುಟ

ಗಲ್ಲಿನ ಕಡೆ ನಡೆಯುತ್ತ ಬಣ್ಣದ ಹಾಡು ಹಾಡಿದವರು ಭಾರತದಲ್ಲಿ ಮಾತ್ರ ಇರಲಿಲ್ಲ. ಆ ಇನ್ನೊಂದು ಪ್ರಸಂಗಕ್ಕೆ ಬರುವ ಮೊದಲು ಹಾಡು ಹುಟ್ಟಿದ ಬಗೆಯನ್ನು ತಿಳಿಯಬೇಕು.

1889ರ ಡಿಸೆಂಬರಿನ ಒಂದು ರಾತ್ರಿ. ಐರ್ಲೆಂಡಿನ ಮೀತ್ ಜಿಲ್ಲೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಜಿಮ್ ಕಾನೆಲ್ ಎಂಬ ಸಮಾಜವಾದಿ, ಭಾಷಣವೊಂದನ್ನು ಕೇಳಿ ಚೇರಿಂಗ್ ಕ್ರಾಸ್ ನಿಲ್ದಾಣದಲ್ಲಿ ಮನೆಗೆ ಹೋಗುವ ರೈಲು ಹತ್ತಿದ. ಪ್ಲಾಟ್‌ಫಾರಂ ಮೇಲೆ ಗಾರ್ಡು ಕೆಂಪು ಬಾವುಟ ಎತ್ತಿ ಇಳಿಸಿದ್ದನ್ನು ಕಂಡು ಅವನಿಗೆ ಕವಿತೆ ಹೊಳೆಯಿತೆನ್ನುತ್ತಾರೆ. ನ್ಯೂ ಕ್ರಾಸ್ ನಿಲ್ದಾಣ ಬರುವಷ್ಟರಲ್ಲಿ, ಅಂದರೆ ಕಾಲು ಗಂಟೆಯ ಹಾದಿಯಲ್ಲಿ, 'ದಿ ರೆಡ್ ಫ್ಲ್ಯಾಗ್' ಹಾಡಿನ ಮುಖ್ಯಭಾಗ ಸಿದ್ಧವಾಗಿತ್ತು. ಅದೇ ತಿಂಗಳು 'ಜಸ್ಟಿಸ್' ಪತ್ರಿಕೆಯಲ್ಲಿ ಅಚ್ಚಾಯಿತು.

ಕಾಲು ಗಂಟೆಯಲ್ಲಿ ಬರೆದರೂ ಅದಕ್ಕೆ ಹಿನ್ನೆಲೆ ದೊಡ್ಡದಿತ್ತು. ಆ ವರ್ಷವೇ ಲಂಡನ್ ಬಂದರಿನ ಕೂಲಿಗಳು ಗಂಟೆಗೆ ಆರು ಪೆನ್ನಿ ಕೂಲಿಗಾಗಿ ಮುಷ್ಕರ ಹೂಡಿ ಗೆದ್ದಿದ್ದರು. ಎರಡು ವರ್ಷ ಹಿಂದೆ ಅಮೆರಿಕದ ಶಿಕಾಗೋದಲ್ಲಿ ಕಾರ್ಮಿಕ ನಾಯಕರನ್ನು ಗಲ್ಲಿಗೆ ಹಾಕಲಾಗಿತ್ತು. ಐರ್ಲೆಂಡಿನ ಗೇಣಿದಾರರ ಚಳವಳಿ, ರಷ್ಯದ ಕ್ರಾಂತಿಕಾರಿಗಳು, ಎಲ್ಲರೂ ತನ್ನ ಮನಸ್ಸಿನಲ್ಲಿದ್ದರೆಂದು ಕಾನೆಲ್ ಮುಂದೆ ಬರೆದ. ಅವನ ಹಾಡಿನಲ್ಲಿ ಬಾವುಟ ಕೆಂಪಾಗಿರುವುದು ಸತ್ತವರ ನೆತ್ತರಿನಿಂದ.

ಆದರೆ ಈ ಕೆಂಪು ಹಾಡಿಗೆ ಕವಿ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಟ್ಟಿನ ಹೆಸರು 'ದಿ ವೈಟ್ ಕಾಕೇಡ್', ಬಿಳಿ ರಿಬ್ಬನ್ನಿನ ತುರಾಯಿ! 1745ರಲ್ಲಿ ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೇರಿಸಲು ಬಂಡೆದ್ದವರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಗುರುತು ಅದು. ರಾಜನ ಪರವಾಗಿದ್ದವರ ಬಿಳಿ ಹಾಡಿನ ಮಟ್ಟು ಕಾರ್ಮಿಕರ ಕೆಂಪು ಹಾಡಿಗೆ. ಚುರುಕಾದ, ಕಾಲು ತಾನಾಗಿ ಕುಣಿಯುವ ಧಾಟಿ.

1895ರಲ್ಲಿ ಮತ್ತೊಬ್ಬರು ಅದನ್ನು 'ಟಾನನ್‌ಬೌಮ್' ಎಂಬ ಜರ್ಮನ್ ಮಟ್ಟಿಗೆ ಕೂರಿಸಿದರು. ಕ್ರಿಸ್‌ಮಸ್ ಮರದ ಹಾಡೆಂದು ನಮ್ಮ ಕಾನ್ವೆಂಟ್ ಶಾಲೆಗಳ ಮಕ್ಕಳಿಗೂ ಪರಿಚಿತವಾದ ನಿಧಾನಗತಿಯ ಮಟ್ಟು ಅದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಿದ್ದ ದಕ್ಷಿಣದವರ 'ಮೇರಿಲ್ಯಾಂಡ್' ಗೀತೆಗೂ ಅದೇ ಮಟ್ಟು. ಕಾನೆಲ್ ಕೆಂಡಾಮಂಡಲವಾದ. ಇದು ಚರ್ಚಿನ ಸಂಗೀತ, ಜನರಿಗೆ ತಮ್ಮ ಪಾಪಗಳನ್ನು ನೆನಪಿಸಿ ಹೆದರಿಸಲು ಮಾಡಿದ್ದು ಎಂದು ಜರೆದ. ಯಾರೂ ಕೇಳಲಿಲ್ಲ. ಜನಕ್ಕೆ ಹತ್ತಿದ್ದು ಅದೇ. 1945ರ ಆಗಸ್ಟ್ 1ರಂದು ಬ್ರಿಟನ್ನಿನ ಹೊಸ ಸಂಸತ್ತಿನಲ್ಲಿ ಲೇಬರ್ ಸದಸ್ಯರು ಎದ್ದು ನಿಂತು ಹಾಡಿದ್ದೂ ಅದೇ ಮಟ್ಟಿನಲ್ಲಿ. 1929ರಲ್ಲಿ ಕಾನೆಲ್‌ನ ಅಂತ್ಯಸಂಸ್ಕಾರದಲ್ಲಿ ಮಾತ್ರ ಎರಡೂ ಮಟ್ಟಿನಲ್ಲಿ ಹಾಡಿದರು. ಕವಿಗೆ ಸಲ್ಲಬೇಕಾದ ಮರ್ಯಾದೆ ಅಂತೂ ಸಂದಿತು.

ಮಟ್ಟು ಬದಲಾದದ್ದು ಚಿಕ್ಕ ಸಂಗತಿ. ಅದಕ್ಕಿಂತ ದೊಡ್ಡ ತಿರುವು ಬಂದದ್ದು 1922ರಲ್ಲಿ, ದಕ್ಷಿಣ ಆಫ್ರಿಕದಲ್ಲಿ. ಚಿನ್ನದ ಗಣಿಗಳ ಒಡೆಯರು ಖರ್ಚು ಉಳಿಸಲು ಬಿಳಿಯ ಕಾರ್ಮಿಕರನ್ನು ಬಿಡಿಸಿ, ಕಡಿಮೆ ಕೂಲಿಯ ಕಪ್ಪು ಕಾರ್ಮಿಕರನ್ನು ಆ ಕೆಲಸಗಳಿಗೆ ಹಾಕಲು ಹೊರಟಾಗ ಬಿಳಿಯ ಕಾರ್ಮಿಕರು ಮುಷ್ಕರ ಹೂಡಿದರು. ಅದು ಬಂಡಾಯವಾಗಿ ಬೆಳೆಯಿತು. ಗಾಂಧೀಜಿಯವರೊಡನೆ ಹಿಂದೊಮ್ಮೆ ಸೆಣಸಿದ್ದ ಜನರಲ್ ಸ್ಮಟ್ಸ್ ಆಗ ಅಲ್ಲಿನ ಪ್ರಧಾನಿ. ಫಿರಂಗಿ, ವಿಮಾನಗಳನ್ನು ಬಳಸಿ ಬಂಡಾಯವನ್ನು ಮುರಿದ. ಆ ವರ್ಷ ಪ್ರಿಟೋರಿಯಾದಲ್ಲಿ ಲಾಂಗ್, ಹಲ್, ಲೂಯಿಸ್ ಎಂಬ ಮೂವರು 'ದಿ ರೆಡ್ ಫ್ಲ್ಯಾಗ್' ಹಾಡುತ್ತಲೇ ಗಲ್ಲಿಗೇರಿದರು.

ಇಷ್ಟೇ ಆಗಿದ್ದರೆ ಇದು ವೀರಗಾಥೆ. ಆದರೆ ಅದೇ ಮುಷ್ಕರದ ಮೆರವಣಿಗೆಯ ಬ್ಯಾನರೊಂದು, ಜಗತ್ತಿನ ಕಾರ್ಮಿಕರೆಲ್ಲ ಒಂದಾಗಿ 'ಬಿಳಿಯ ದಕ್ಷಿಣ ಆಫ್ರಿಕ'ಕ್ಕಾಗಿ ಹೋರಾಡಬೇಕೆಂದು ಕರೆ ಕೊಟ್ಟಿತ್ತು. ಮುಷ್ಕರದ ದಿನಗಳಲ್ಲಿ ಕಪ್ಪುಜನರ ಮೇಲೆ ಹಲ್ಲೆಗಳಾದವು, ಕೊಲೆಗಳಾದವು. ಶಿಕಾಗೋದಲ್ಲಿ ಸತ್ತವರ ನೆತ್ತರಿನಿಂದ ಕೆಂಪಾಗಿದ್ದ ಬಾವುಟವನ್ನು ಇಲ್ಲಿ ಹಿಡಿದ ಕೈಗಳು ಪಕ್ಕದ ಗಣಿಯಲ್ಲಿ ದುಡಿಯುತ್ತಿದ್ದವನನ್ನು ಕಾರ್ಮಿಕನೆಂದೇ ಒಪ್ಪಿರಲಿಲ್ಲ. ಚರ್ಮದ ಬಣ್ಣ ಬಾವುಟದ ಬಣ್ಣವನ್ನು ಗೆದ್ದಿತ್ತು.

ಬಿಳಿ ಹಾಸಿಗೆಯ ಮೇಲೆ ಕಪ್ಪು ಹಾಡು

ಚರ್ಮದ ಬಣ್ಣವನ್ನೇ ನೇರವಾಗಿ ಎತ್ತಿಕೊಂಡ ಹಾಡು ಬಂದದ್ದು ಏಳು ವರ್ಷಗಳ ನಂತರ, ಅಮೆರಿಕದಲ್ಲಿ. ಬರೆದವನು ಆಂಡಿ ರಜಾಫ್. ಅವನ ಹುಟ್ಟಿನ ಕಥೆಯೇ ಒಂದು ಕಾದಂಬರಿಯಷ್ಟಿದೆ. ತಾಯಿಯ ತಂದೆ ಜಾನ್ ವಾಲರ್ ಗುಲಾಮನಾಗಿ ಹುಟ್ಟಿ, ಬಿಡುಗಡೆ ಹೊಂದಿ, ಓದಿ, ಮಡಗಾಸ್ಕರ್ ದ್ವೀಪಕ್ಕೆ ಅಮೆರಿಕದ ಕಾನ್ಸಲ್ ಆಗಿ ಹೋದವನು. ಅಲ್ಲಿ ಅವನ ಮಗಳನ್ನು ಮದುವೆಯಾದದ್ದು ರಾಣಿ ಮೂರನೆಯ ರಾನವಲೋನಳ ಬಂಧು. 1895ರಲ್ಲಿ ಫ್ರೆಂಚರು ದ್ವೀಪದ ಮೇಲೆ ದಂಡೆತ್ತಿ ಬಂದಾಗ ಅವನು ಸತ್ತ. ತುಂಬು ಬಸುರಿಯಾಗಿದ್ದ ಹುಡುಗಿ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದಳು. ಆ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಆಂಡಿ ಹುಟ್ಟಿದ. ರಾಜಮನೆತನದ ಆ ಕುಡಿ ನ್ಯೂಯಾರ್ಕಿನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡುತ್ತ ಹಾಡು ಬರೆಯುವುದನ್ನು ಕಲಿತ.

1929ರಲ್ಲಿ ರಜಾಫ್, ಪಿಯಾನೋ ವಾದಕ ಫ್ಯಾಟ್ಸ್ ವಾಲರ್ ಮತ್ತು ಹ್ಯಾರಿ ಬ್ರೂಕ್ಸ್ ಸೇರಿ 'ಹಾಟ್ ಚಾಕೊಲೇಟ್ಸ್' ಎಂಬ ಸಂಗೀತ ಪ್ರದರ್ಶನವನ್ನು ಸಿದ್ಧಪಡಿಸಿದರು. ಹಾರ್ಲೆಮ್ ಬಡಾವಣೆಯ 'ಕಾನೀಸ್ ಇನ್' ಎಂಬ ಕ್ಲಬ್ಬಿನಲ್ಲಿ ಅದು ಶುರುವಾಯಿತು. ಆ ಕ್ಲಬ್ಬಿನಲ್ಲಿ ಹಾಡುವವರು, ಕುಣಿಯುವವರು ಕಪ್ಪುಜನ, ಕುಳಿತು ನೋಡುವವರು ಬಿಳಿಯರು. ಬ್ರಾಡ್‌ವೇಯ ಹಡ್ಸನ್ ಥಿಯೇಟರಿಗೆ ಪ್ರದರ್ಶನವನ್ನು ಒಯ್ಯಲು ಹಣ ಹಾಕಿದವನು ಡಚ್ ಷುಲ್ಟ್ಸ್. ಮದ್ಯನಿಷೇಧದ ಆ ದಿನಗಳಲ್ಲಿ ಕಳ್ಳಬಟ್ಟಿ ವ್ಯಾಪಾರದಲ್ಲಿ ಕೊಬ್ಬಿದ್ದ ಭೂಗತ ದೊರೆ.

ತಾಲೀಮಿನ ವೇಳೆ ಷುಲ್ಟ್ಸ್‌ಗೆ ಒಂದು ಆಲೋಚನೆ ಬಂತು. ಕಪ್ಪು ಹುಡುಗಿಯೊಬ್ಬಳು ತನ್ನ ಕಪ್ಪು ಬಣ್ಣಕ್ಕಾಗಿ ಗೋಳಾಡುವ ಒಂದು ನಗೆಹಾಡು ಬೇಕು. ಬಿಳಿಯ ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಗಬೇಕು. ಅಂಥದ್ದನ್ನು ಬರೆಯಲಾರೆ ಎಂದ ರಜಾಫ್. ಷುಲ್ಟ್ಸ್ ಅವನನ್ನು ಗೋಡೆಗೆ ಒತ್ತಿ ಪಿಸ್ತೂಲು ಹಿಡಿದು, ಇದನ್ನು ಬರೆಯದಿದ್ದರೆ ಮುಂದೆ ಏನನ್ನೂ ಬರೆಯಲಾರೆ ಎಂದು ಗದರಿಸಿದನಂತೆ. ರಜಾಫ್ ತಾನೇ ಮುಂದೆ ಆಪ್ತರಿಗೆ ಹೇಳಿಕೊಂಡ ಕಥೆ ಇದು.

ರಜಾಫ್ ಬರೆದ. ಹಾಡಿನ ಹೆಸರು 'ಬ್ಲ್ಯಾಕ್ ಅಂಡ್ ಬ್ಲೂ'. ಇಂಗ್ಲಿಷಿನಲ್ಲಿ ಈ ಜೋಡಿಪದಕ್ಕೆ ಹೊಡೆತ ತಿಂದು ಮೈ ಕಪ್ಪುಗಟ್ಟುವುದು, ನೀಲಿಗಟ್ಟುವುದು ಎಂದು ಅರ್ಥ. 'ಬ್ಲ್ಯಾಕ್' ಎಂದರೆ ಕಪ್ಪು ಬಣ್ಣದವರು, 'ಬ್ಲೂ' ಎಂದರೆ ಖಿನ್ನತೆ. ಮೂರೂ ಅರ್ಥಗಳು ಒಂದೇ ಹೆಸರಿನಲ್ಲಿ. ನಮ್ಮ ಬಾಸುಂಡೆ ಎಂಬ ಪದ ಹತ್ತಿರ ಬರುತ್ತದಾದರೂ ಅದರಲ್ಲಿ ಬಣ್ಣವಿಲ್ಲ.

1929ರ ಜೂನ್ 20ರ ರಾತ್ರಿ ಹಡ್ಸನ್ ಥಿಯೇಟರಿನ ಪರದೆ ಮೇಲೆದ್ದಾಗ ರಂಗದ ಮೇಲೆ ಪೂರ್ತಿ ಬಿಳಿಯ ಕೋಣೆ. ಬಿಳಿ ಹಾಸಿಗೆ, ಬಿಳಿ ಸ್ಯಾಟಿನ್ ಹೊದಿಕೆ. ನಡುವೆ ಎಡಿತ್ ವಿಲ್ಸನ್ ಎಂಬ ಕಪ್ಪು ಗಾಯಕಿ. ಹಾಡಿನ ಮೊದಲ ಭಾಗದಲ್ಲಿ ಅವಳು, ತಿಳಿಬಣ್ಣದ ಹುಡುಗಿಯರಿಗೇ ಗಂಡಸರು ಮರುಳಾಗುತ್ತಾರೆ, ತನ್ನನ್ನು ಕೇಳುವವರಿಲ್ಲ ಎಂದು ಗೊಣಗುತ್ತಾಳೆ. ಪ್ರೇಕ್ಷಕರು ನಕ್ಕರು. ಷುಲ್ಟ್ಸ್ ಕೇಳಿದ್ದೂ ಅದನ್ನೇ. ಆದರೆ ಹಾಡು ಅಲ್ಲಿಗೆ ನಿಲ್ಲಲಿಲ್ಲ. ಪ್ರಣಯದ ಗೊಣಗಾಟ ಬಿಟ್ಟು, ಚರ್ಮವನ್ನೇ ಅಪರಾಧವೆಂದು ಎಣಿಸುವ ಲೋಕವನ್ನು ಅದು ನೇರವಾಗಿ ಪ್ರಶ್ನಿಸತೊಡಗಿತು. ನಗು ಕ್ಷೀಣಿಸಿತು. ಸಭಾಂಗಣ ಸ್ತಬ್ಧವಾಯಿತು. ಹಿಂದೆ ನಿಂತಿದ್ದ ರಜಾಫ್, ಸ್ವಲ್ಪ ದೂರದಲ್ಲಿದ್ದ ಷುಲ್ಟ್ಸ್‌ನ ಮುಖವನ್ನೇ ನೋಡುತ್ತಿದ್ದ. ಹಾಡು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಷುಲ್ಟ್ಸ್ ರಜಾಫ್‌ನ ಬೆನ್ನು ತಟ್ಟಿ ಹೊರಟುಹೋದ. ಅವನಿಗೆ ಹಾಡು ಅರ್ಥವಾಗಿತ್ತೋ, ಬರೀ ಚಪ್ಪಾಳೆ ಅರ್ಥವಾಗಿತ್ತೋ!

ಎಡಿತ್ ವಿಲ್ಸನ್ ಮುಂದೆ ಬಹುಕಾಲ ಹೊಟ್ಟೆಪಾಡಿಗೆ ಮಾಡಿದ್ದು ಇದಕ್ಕೆ ತೀರ ವಿರುದ್ಧವಾದ ಪಾತ್ರ. ಒಂದು ಪ್ಯಾನ್‌ಕೇಕ್ ಹಿಟ್ಟಿನ ಜಾಹೀರಾತಿನ ನಗುಮುಖದ ಕಪ್ಪು ಅಡುಗೆಯವಳಾಗಿ, 'ಆಂಟ್ ಜೆಮೈಮಾ' ಆಗಿ, 1948ರಿಂದ ಸುಮಾರು 18 ವರ್ಷ ಊರೂರು ಸುತ್ತಿದಳು.

'ಹಾಟ್ ಚಾಕೊಲೇಟ್ಸ್'ನ ವಾದ್ಯವೃಂದದಲ್ಲಿ ಕಹಳೆ ಊದುತ್ತಿದ್ದವನು ಲೂಯಿ ಆರ್ಮ್‌ಸ್ಟ್ರಾಂಗ್, ಆಗಿನ್ನೂ ಮೂವತ್ತು ದಾಟಿರಲಿಲ್ಲ. ಸುಮಾರು ಒಂದು ತಿಂಗಳ ನಂತರ ಅವನು ಈ ಹಾಡನ್ನು ರೆಕಾರ್ಡ್ ಮಾಡಿದ. ಮಾಡುವಾಗ ಒಂದು ಕೆಲಸ ಮಾಡಿದ. ನಗು ಬರಿಸುವ ಆರಂಭದ ಭಾಗವನ್ನು ಕಿತ್ತು ಹಾಕಿದ. ಅಲ್ಲಿಗೆ ಅದು ಒಬ್ಬ ಹುಡುಗಿಯ ಗೋಳಾಗಿ ಉಳಿಯಲಿಲ್ಲ, ಒಂದಿಡೀ ಜನಾಂಗದ ಪ್ರಶ್ನೆಯಾಯಿತು. 1952ರಲ್ಲಿ ಬಂದ ರಾಲ್ಫ್ ಎಲಿಸನ್‌ನ 'ಇನ್‌ವಿಸಿಬಲ್ ಮ್ಯಾನ್' ಕಾದಂಬರಿಯ ಆರಂಭದಲ್ಲಿ, 1,369 ಬಲ್ಬುಗಳನ್ನು ಉರಿಸಿಕೊಂಡು ನೆಲಮಾಳಿಗೆಯಲ್ಲಿ ಅಡಗಿರುವ ನಾಯಕ ಕೇಳುವುದು ಇದೇ ರೆಕಾರ್ಡನ್ನು. ಒಂದು ಗ್ರಾಮೋಫೋನ್ ಸಾಲದು, ಐದು ಬೇಕು, ಐದೂ ಒಟ್ಟಿಗೆ ನುಡಿಯಬೇಕು ಎಂಬುದು ಅವನ ಆಸೆ.

1956ರ ಮೇ ತಿಂಗಳಲ್ಲಿ ಆರ್ಮ್‌ಸ್ಟ್ರಾಂಗ್ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ಗೆ ಹೋದ. ಮರುವರ್ಷ ಸ್ವತಂತ್ರ ಘಾನಾ ಆಗಲಿದ್ದ ಆ ನಾಡಿನಲ್ಲಿ, ಗುಂಪಿನೊಳಗೆ ಕುಣಿಯುತ್ತಿದ್ದ ಒಬ್ಬ ಹೆಂಗಸನ್ನು ಕಂಡು ತೀರಿಕೊಂಡ ತನ್ನ ತಾಯಿಯ ತದ್ರೂಪವೆಂದು ಬೆರಗಾದ. ತನ್ನ ಪೂರ್ವಜರು ಇಲ್ಲಿಯವರೇ ಎಂದು ನಂಬಿದ. ರಾಜಧಾನಿ ಅಕ್ರಾದ ಕಚೇರಿಯಲ್ಲಿ ಪ್ರಧಾನಿ ಕ್ವಾಮೆ ಎನ್‌ಕ್ರೂಮಾ ಎದುರು ಕುಳಿತಿದ್ದಾಗ ಅವನು ಹಾಡಿದ್ದು 'ಬ್ಲ್ಯಾಕ್ ಅಂಡ್ ಬ್ಲೂ'. ಎನ್‌ಕ್ರೂಮಾ ಅವರ ಕಣ್ಣು ತುಂಬಿ ಬಂದಿತ್ತೆಂದು ಆ ಸಂಜೆಯ ಬಗ್ಗೆ ಬರೆದವರು ದಾಖಲಿಸಿದ್ದಾರೆ.

ಆದರೂ ಹಾಡಿನೊಳಗೆ ಒಂದು ಮುಳ್ಳು ಉಳಿದಿತ್ತು. ಹೊರಗೆ ಕಪ್ಪಾದರೂ ಒಳಗೆ ತಾನು 'ವೈಟ್', ಬಿಳಿ ಎಂಬ ಅರ್ಥದ ಮಾತೊಂದು ಅದರಲ್ಲಿದೆ. ಒಳ್ಳೆಯತನಕ್ಕೆ ಬಿಳಿಯ ಹೆಸರೇ ಬೇಕೆ ಎಂದು ಮುಂದಿನ ಪೀಳಿಗೆಯವರು ಕೇಳಿದರೆ ತಪ್ಪೇನಿಲ್ಲ. 1965ರ ಮಾರ್ಚ್ 7ರಂದು ಅಮೆರಿಕದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ಹೊರಟ ಕಪ್ಪುಜನರ ಮೆರವಣಿಗೆಯನ್ನು ಪೊಲೀಸರು ಲಾಠಿಗಳಿಂದ ಬಡಿದರು. ಅದಾಗಿ ಎರಡು ವಾರಗಳಲ್ಲಿ ಆರ್ಮ್‌ಸ್ಟ್ರಾಂಗ್ ಪೂರ್ವ ಬರ್ಲಿನ್ನಿನ ವೇದಿಕೆಯ ಮೇಲಿದ್ದ. ಅಲ್ಲಿನ ಪತ್ರಕರ್ತರು ಸೆಲ್ಮಾದ ಬಗ್ಗೆ ಕೆದಕಿದಾಗ ಜಾರಿಕೊಂಡಿದ್ದವನು, ರಾತ್ರಿ 'ಬ್ಲ್ಯಾಕ್ ಅಂಡ್ ಬ್ಲೂ' ಎತ್ತಿಕೊಂಡ. ಅದೂ ಹಿಂದಿನ ವೇಗವಿಲ್ಲದೆ, ನಿಧಾನವಾಗಿ. ಆ ಸಾಲು ಬಂದಾಗ 'ವೈಟ್' ಎಂಬ ಪದವನ್ನು ಬಿಟ್ಟು, ಅದಕ್ಕೆ ಪ್ರಾಸವಾಗುವ 'ರೈಟ್', ಅಂದರೆ 'ಸರಿ' ಎಂಬ ಪದವನ್ನು ಇಟ್ಟು ಹಾಡಿದ.